ಜರಡಿ ಹಿಡಿದವರು ಯಾರು: ‘ಮಾದರಿ ಅಲ್ಪಸಂಖ್ಯಾತ’ ಎಂಬ ಹೊಗಳಿಕೆಯ ಚರಿತ್ರೆ

ಅರ್ಜಿಗಳೆಲ್ಲ ಆನ್‌ಲೈನ್ ಆಗುವ ಮುನ್ನ ಬೆಂಗಳೂರಿನ ಮತ್ತಿಕೆರೆಯ ಜೆರಾಕ್ಸ್ ಅಂಗಡಿಗಳ ಮುಂದೆ ಇಂಜಿನಿಯರಿಂಗ್ ಹುಡುಗರು ಸಾಲುಗಟ್ಟಿರುತ್ತಿದ್ದರು. ಎಂಟು ಸೆಮಿಸ್ಟರಿನ ಅಂಕಪಟ್ಟಿಯ ಪ್ರತಿಗಳು, ಕಂದು ಲಕೋಟೆ, ಅಂಟಿಸಿದ ಬಾಯಿಯ ಮೇಲೆ ಅಡ್ಡಲಾಗಿ ಕಾಲೇಜಿನ ಮೊಹರು. ಲಕೋಟೆ ಅಮೆರಿಕಕ್ಕೆ ಹೋಗುತ್ತಿತ್ತು. ಹಿಂದೆಯೇ ಹುಡುಗನೂ ಹೋಗುತ್ತಿದ್ದ. ಅಲ್ಲಿ ಅವನಿಗೆ ಸಿಕ್ಕ ಹೆಸರು ‘ಮಾದರಿ ಅಲ್ಪಸಂಖ್ಯಾತ’. ಆ ಹೆಸರು ಹುಟ್ಟಿದ್ದು ಅವನಿಗಾಗಿ ಅಲ್ಲ.

1966ರ ಜನವರಿಯಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ‘ನ್ಯೂಯಾರ್ಕ್ ಟೈಮ್ಸ್’ನ ಭಾನುವಾರದ ಮ್ಯಾಗಜೀನಿನಲ್ಲಿ ಜಪಾನಿ ಮೂಲದ ಅಮೆರಿಕನ್ನರ ಏಳಿಗೆಯನ್ನು ಕೊಂಡಾಡಿದ. 1942ರಿಂದ ಅಮೆರಿಕ ಸರ್ಕಾರ ಸುಮಾರು 1,20,000 ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ಸಮುದಾಯವದು. ಅದೇ ಡಿಸೆಂಬರಿನಲ್ಲಿ ಇನ್ನೊಂದು ಪತ್ರಿಕೆ ಚೀನೀಯರನ್ನು ಹೊಗಳಿತು. ಕಪ್ಪುಜನರಿಗೆ ಸರ್ಕಾರ ಹಣ ಸುರಿಯಬೇಕೆನ್ನುವಾಗ ಇವರು ಯಾರ ನೆರವೂ ಇಲ್ಲದೆ ಮೇಲೆ ಬಂದಿದ್ದಾರೆ ಎಂಬುದು ಅದರ ವಾದ. ಲಾಸ್ ಏಂಜಲಿಸಿನಲ್ಲಿ ಕಪ್ಪುಜನರ ಬಡಾವಣೆ ವಾಟ್ಸ್ ದಂಗೆಯಲ್ಲಿ ಹೊತ್ತಿ ಉರಿದು ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ. ಹೊಗಳಿಕೆ ಒಬ್ಬರಿಗೆ, ಏಟು ಇನ್ನೊಬ್ಬರಿಗೆ.

ಭಾರತೀಯರು ಈ ಚೌಕಟ್ಟಿಗೆ ಬಂದದ್ದು ಆಮೇಲೆ. 1923ರಲ್ಲಿ ವಲಸಿಗ ಭಗತ್ ಸಿಂಗ್ ಥಿಂಡ್ ‘ಬಿಳಿಯ’ನಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತ್ತು. 1946ರಲ್ಲಿ ಬಾಗಿಲು ತೆರೆದರೂ ವರ್ಷಕ್ಕೆ ನೂರು ಮಂದಿಗಷ್ಟೇ. 1965ರ ವಲಸೆ ಕಾನೂನು ಬಂಧುಗಳ ಜೊತೆಗೆ ವೃತ್ತಿಪರರಿಗೂ ಆದ್ಯತೆ ಕೊಟ್ಟಿತು. ಮತ್ತಿಕೆರೆಯ ಮಗ್ಗುಲಲ್ಲೇ ಎಂ.ಎಸ್. ರಾಮಯ್ಯ ತಾಂತ್ರಿಕ ವಿದ್ಯಾಲಯ ಶುರುವಾಗಿದ್ದು 1962ರಲ್ಲಿ; ಅತ್ತ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಊರಿನವರ ಟಾಟಾ ಇನ್‌ಸ್ಟಿಟ್ಯೂಟ್ 1909ರಿಂದಲೇ ಇತ್ತು. ಅಲ್ಲಿ ಬಾಗಿಲು, ಇಲ್ಲಿ ಪದವೀಧರರು. ವೈದ್ಯರನ್ನೂ ಇಂಜಿನಿಯರುಗಳನ್ನೂ ಆರಿಸಿಕೊಂಡ ದೇಶ, ಆಮೇಲೆ ಅವರ ಗೆಲುವನ್ನು ‘ಸಂಸ್ಕೃತಿ’ಯ ಲೆಕ್ಕಕ್ಕೆ ಬರೆಯಿತು. ರಾಗಿಯನ್ನು ಜರಡಿ ಹಿಡಿದು, ಕಾಳೆಲ್ಲ ದಪ್ಪಗಿದೆಯೆಂದು ಹೊಲವನ್ನು ಹೊಗಳಿದಂತೆ.

ಆದರೆ ಅಮೆರಿಕದ ವೀಸಾ ಎರಡನೆಯ ಜರಡಿ. ಮೊದಲನೆಯದು ಇಲ್ಲೇ ಇತ್ತು, ಹಳೆಯದೂ ಹೌದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ದೂರಿನ ಮೇಲೆ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಉಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಮೀಸಲಿನ ಈ ದಾರಿಯೇ ಒಪ್ಪಿಗೆಯಾಗಲಿಲ್ಲ. ದಕ್ಷತೆ ಕುಂದೀತು ಎಂಬುದು ಅವರ ಆತಂಕ. ಸಮಿತಿ ನೇಮಕವಾದ 1918ರ ಕೊನೆಗೇ ಅವರು ಹುದ್ದೆ ಬಿಟ್ಟರು. ಪೀಟರ್ಸನ್ ಬರೆಯುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ‘ಪ್ರತಿಭೆ’ಯ ವಾದ ಮೈಸೂರಿನಲ್ಲಿ ಪಳಗಿತ್ತು ಎನ್ನುವುದು ನನ್ನ ವಾದ. ಆ ಪ್ರತಿಭೆಗೂ ಬೆಲೆಚೀಟಿ ಇತ್ತೆನ್ನುವುದನ್ನು ಕರ್ನಾಟಕದ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯೇ ಹೇಳುತ್ತದೆ. ಸೀಟು ‘ಸಿಕ್ಕಿತು’ ಎನ್ನುತ್ತಿದ್ದ ಎಷ್ಟೋ ಮನೆಗಳು ಅದನ್ನು ಕೊಂಡಿದ್ದವು.

ಹೊಗಳಿಕೆಯ ಕೆಲಸ ಇನ್ನೂ ಮುಗಿದಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಹಾರ್ವರ್ಡ್ ವಿರುದ್ಧದ ಆ ದಾವೆಯಲ್ಲಿ ಮುಂದೊಡ್ಡಿದ್ದು ಏಷ್ಯನ್ ವಿದ್ಯಾರ್ಥಿಗಳಿಗಾದ ಅನ್ಯಾಯವನ್ನು. ಅದೇ ವರ್ಷ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತ್ತು. ಕ್ಯಾಲಿಫೋರ್ನಿಯಾ ಶಾಸನಸಭೆಯೂ ಅಂಥದೇ ಮಸೂದೆ ಒಪ್ಪಿದಾಗ, ಇಡೀ ಸಮುದಾಯಕ್ಕೆ ಮಸಿ ಬಳಿಯುತ್ತಿದ್ದಾರೆಂದು ಭಾರತೀಯ ಮೂಲದವರಲ್ಲೇ ಹಲವರು ಎದ್ದುನಿಂತರು. ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್, ಇರುವ ಕಾನೂನುಗಳೇ ಸಾಕೆಂದು ಮಸೂದೆಯನ್ನು ವಾಪಸು ಕಳಿಸಿದರು.