ಮೂವತ್ತು ರೂಪಾಯಿಯ ಪಾಲುದಾರರು

2006ರ ಡಿಸೆಂಬರ್ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಕಂಡಿತು. ಆಮೇಲೆ ಬಹಳ ಕಾಲ ಕರ್ನಾಟಕದಲ್ಲಿ ಯಾರಿಗಾದರೂ ಫೋನ್ ಹಚ್ಚಿದರೆ ಬೆಲ್ಲಿನ ಸದ್ದಿನ ಬದಲು ಆ ಚಿತ್ರದ ಹಾಡು ಕೇಳಿಸುವುದು ಸಾಮಾನ್ಯವಾಗಿತ್ತು. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವರಿರಲಿ, ಬೆಂಗಳೂರಿನಲ್ಲಿ ಆಟೊ ಓಡಿಸುವವರಿರಲಿ, ಕಾಲರ್ ಟ್ಯೂನ್ ಬೇಕೆಂದರೆ ತಿಂಗಳಿಗೆ ಸುಮಾರು 30 ರೂಪಾಯಿ ಬಾಡಿಗೆ, ಹಾಡೊಂದಕ್ಕೆ ಮತ್ತೆ 15 ರೂಪಾಯಿ ತೆರಬೇಕಿತ್ತು. ಅಂಗಡಿಗೆ ಹೋಗಿ ಕರೆನ್ಸಿ ಹಾಕಿಸಿಕೊಂಡು ಬಂದ ಹಣದಿಂದ ಅದು ತಾನಾಗಿಯೇ ಕಟ್ ಆಗುತ್ತಿತ್ತು.

ಆ ಮೂವತ್ತು ರೂಪಾಯಿಗೆ ಪಾಲುದಾರರು ಕನಿಷ್ಠ ಮೂವರು. ಗ್ರಾಹಕನ ಖಾತೆಯಿಂದ ಹಣ ಕಡಿಯುವ ಮೊಬೈಲ್ ಕಂಪನಿ, ಹಾಡನ್ನು ಕರೆಗೆ ಜೋಡಿಸುವ ತಂತ್ರಾಂಶ ಕಟ್ಟಿದ ಕಂಪನಿ ಮತ್ತು ಹಾಡಿನ ಹಕ್ಕು ಹೊಂದಿದ ಧ್ವನಿಮುದ್ರಣ ಸಂಸ್ಥೆ. ಹಂಚಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಮೊದಲನೆಯವರಿಗೇ ಹೋಗುತ್ತಿತ್ತು. ಉಳಿದದ್ದನ್ನು ಮಿಕ್ಕವರು ಹಂಚಿಕೊಳ್ಳಬೇಕು. ಹಾಡು ಬರೆದ ಕವಿಗೆ, ರಾಗ ಹಾಕಿದ ಸಂಗೀತ ನಿರ್ದೇಶಕರಿಗೆ ಇಂಥ ಬಳಕೆಯ ರಾಯಧನದಲ್ಲಿ ಕೈಬಿಡಲಾಗದ ಹಕ್ಕು ಕಾನೂನಿನಲ್ಲಿ ಗಟ್ಟಿಯಾಗಿದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ.

ಈ ವ್ಯವಹಾರದಲ್ಲಿ ಭಾರತದ ದೊಡ್ಡ ಹೆಸರು ಬೆಂಗಳೂರಿನದೇ. ಇನ್ಫೊಸಿಸ್ ಮಡಿಲಲ್ಲಿ 2000ದಲ್ಲಿ ಆನ್‌ಸ್ಕ್ಯಾನ್ ಎಂಬ ಹೆಸರಿನಿಂದ ಹುಟ್ಟಿದ ಕಂಪನಿ ಮುಂದೆ ಆನ್‌ಮೊಬೈಲ್ ಆಯಿತು. ಅರವಿಂದ್ ರಾವ್ ಅದರ ಮುಖ್ಯಸ್ಥರಾಗಿದ್ದರು. ಆನ್‌ಮೊಬೈಲ್ ತಂತ್ರಾಂಶವನ್ನು ಒಮ್ಮೆಗೇ ಮಾರಿ ಕೈತೊಳೆದುಕೊಳ್ಳುವ ದಾರಿ ಹಿಡಿಯಲಿಲ್ಲ. ಯಂತ್ರ, ತಂತ್ರಾಂಶ ಎಲ್ಲವನ್ನೂ ಮೊಬೈಲ್ ಕಂಪನಿಯ ಜಾಲದೊಳಗೆ ತಾನೇ ಕೂರಿಸಿ, ಬಂದ ಆದಾಯದಲ್ಲಿ ಪಾಲು ಪಡೆಯುವ ಒಪ್ಪಂದಗಳನ್ನು ಮಾಡಿಕೊಂಡಿತು. ಮೊಬೈಲ್ ಕಂಪನಿಗೆ ಬಂಡವಾಳದ ಹೊರೆಯಿಲ್ಲ, ತಂತ್ರಾಂಶದವರಿಗೆ ಗ್ರಾಹಕರು ಹೆಚ್ಚಿದಷ್ಟೂ ವರಮಾನ. 2008ರ ಆರಂಭದಲ್ಲಿ ಷೇರೊಂದಕ್ಕೆ 440 ರೂಪಾಯಿಯಂತೆ ಕಂಪನಿ ಮಾರುಕಟ್ಟೆಗೆ ಬಂತು. ಸ್ಪೇನ್ ಮೂಲದ ಟೆಲಿಫೋನಿಕಾ ಕಂಪನಿಯ ಲ್ಯಾಟಿನ್ ಅಮೆರಿಕದ ಜಾಲಗಳಿಗೂ ಬೆಂಗಳೂರಿನ ಈ ತಂತ್ರಾಂಶ ತಲುಪಿತು.

ಆದರೆ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇತ್ತು. ಬೆಳೆ ಹಂಚಿಕೊಳ್ಳುವ ವಾರದ ಬೇಸಾಯದಲ್ಲಿ ರಾಶಿಯನ್ನು ಕಣದಲ್ಲೇ, ಜಮೀನಿನವರೂ ಉತ್ತವರೂ ನೋಡುತ್ತಿರುವಾಗ ಅಳೆಯುತ್ತಾರೆ. ಇಲ್ಲಿ ಎಷ್ಟು ಜನ ಹಾಡು ಹಾಕಿಸಿಕೊಂಡರು, ಎಷ್ಟು ಹಣ ವಸೂಲಾಯಿತು ಎಂಬುದನ್ನು ಅಳೆದು ಹೇಳುವವರು ಮೊಬೈಲ್ ಕಂಪನಿಯವರು ಮಾತ್ರ. ಪಾಲು ಸಾಲದು, ಲೆಕ್ಕ ಕಾಣದು, ಹಣ ಕೈಗೆ ಬರುವುದು ತಡ ಎಂಬ ದೂರುಗಳು ಸಣ್ಣ ಕಂಪನಿಗಳಿಂದ ಮತ್ತೆ ಮತ್ತೆ ಬಂದವು. 2009ರಲ್ಲಿ ಈ ವಿಷಯ ಪರಿಶೀಲಿಸಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹಂಚಿಕೆಯನ್ನು ಎರಡೂ ಕಡೆಯವರ ಮಾತುಕತೆಗೇ ಬಿಟ್ಟಿತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಜಪಾನಿನ ಎನ್‌ಟಿಟಿ ಡೊಕೊಮೊ 1999ರ ಫೆಬ್ರುವರಿಯಲ್ಲಿ ಐ-ಮೋಡ್ ಸೇವೆ ಆರಂಭಿಸಿದಾಗ, ಬಿಲ್ ವಸೂಲಿ ಮಾಡಿಕೊಟ್ಟದ್ದಕ್ಕೆ ಇಟ್ಟುಕೊಂಡದ್ದು ಶೇ 9 ಮಾತ್ರ. ಉಳಿದ ಶೇ 91 ಸೇವೆ ಕಟ್ಟಿದವರಿಗೆ. ಡೊಕೊಮೊ ತನ್ನ ಲಾಭವನ್ನು ಡೇಟಾ ಬಳಕೆಯಲ್ಲಿ ಕಂಡುಕೊಂಡಿತು. ಸಣ್ಣ ತಂಡಗಳೂ ಬದುಕಿ ಬೆಳೆಯುವ ಮಾರುಕಟ್ಟೆ ಅಲ್ಲಿ ಎದ್ದು ನಿಂತಿತು. ಭಾರತದಲ್ಲಿ ಕಂಪನಿಗಳ ಗಮನವೆಲ್ಲ ಗ್ರಾಹಕನ ಟಾಕ್‌ಟೈಮ್ ಮೇಲೆಯೇ ನಿಂತಿತು.

ಅದರ ಪೆಟ್ಟು ಬಿದ್ದದ್ದು ಗ್ರಾಹಕನ ಮೇಲೆ. ಕರೆಯ ನಡುವೆ ಸ್ಟಾರ್ ಬಟನ್ ತಾಗಿದರೆ ಹಾಡು ನಿಮ್ಮದು. ತೆರೆಯ ಮೇಲೆ ಮಿಂಚಿ ಬಂದ ಸಂದೇಶಕ್ಕೆ ಗೊತ್ತಿಲ್ಲದೆ ಓಕೆ ಒತ್ತಿದರೆ ಜ್ಯೋತಿಷ್ಯವೋ ಕ್ರಿಕೆಟ್ ಸುದ್ದಿಯೋ ಶುರು. ಹಾಕಿಸಿದ ಕರೆನ್ಸಿ ಮಾತಾಡುವ ಮೊದಲೇ ಕರಗುತ್ತಿತ್ತು. ಕನ್ನಡ ಬಿಟ್ಟು ಬೇರೆ ಭಾಷೆ ಓದಲು ಬಾರದ ಹಿರಿಯರಿಗೆ ಇಂಗ್ಲಿಷ್ ಸಂದೇಶದ ಅರ್ಥವೇ ಆಗುತ್ತಿರಲಿಲ್ಲ. ಹಣ ಯಾಕೆ ಹೋಯಿತೆಂದು ಅವರು ಕೇಳುತ್ತಿದ್ದದ್ದು ರೀಚಾರ್ಜ್ ಅಂಗಡಿಯವರನ್ನು. ಆ ಹಣದಲ್ಲಿ ಅಂಗಡಿಯವರಿಗೆ ಬಿಡಿಗಾಸಿನ ಪಾಲೂ ಇರಲಿಲ್ಲ. ಟ್ರಾಯ್ 2011ರಲ್ಲಿ ಮೊದಲ ಬಿಗಿ ಹಾಕಿತು. 2013ರ ಜುಲೈನಲ್ಲಿ, ಯಾವ ಸೇವೆ ಶುರು ಮಾಡಬೇಕಾದರೂ ಗ್ರಾಹಕನಿಂದ ಎರಡು ಸಲ ಒಪ್ಪಿಗೆ ಪಡೆಯಲೇಬೇಕು ಎಂದು ಆದೇಶಿಸಿತು. ಬೇಡದ ಸೇವೆ ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾಯಿತು. ಎರಡೆರಡು ಸಲ ಕೇಳುವ ನಿಯಮ ಬಂದಮೇಲೆ ಇಡೀ ಉದ್ಯಮದ ಆದಾಯಕ್ಕೇ ಹೊಡೆತ ಬಿತ್ತು. ಅಲ್ಲಿಯವರೆಗಿನ ಗಳಿಕೆಯಲ್ಲಿ ಕೇಳದೆ ಕಡಿದ ಹಣವೂ ಸಾಕಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ಆಟದ ನಿಯಮ ಬೇರೆಲ್ಲೋ ಬದಲಾಗಿತ್ತು.

2007ರಲ್ಲಿ ಆ್ಯಪಲ್ ಮೊದಲ ಐಫೋನ್ ತಂದಾಗ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ಗ್ರಾಹಕರ ಮಾಸಿಕ ಬಿಲ್ಲಿನಲ್ಲಿ ಫೋನ್ ತಯಾರಕರಿಗೇ ಪಾಲು ಕೊಡಲು ಒಪ್ಪಿತು. ಹಿಂದೆಂದೂ ಕಾಣದ ಒಪ್ಪಂದವಿದು. ಮರುವರ್ಷ ಐಫೋನ್ 3ಜಿ ಬರುವ ಹೊತ್ತಿಗೆ ಆ ಪದ್ಧತಿ ಹೋಗಿ, ಫೋನಿನ ಬೆಲೆಯಲ್ಲಿ ಒಂದು ಭಾಗವನ್ನು ಮೊಬೈಲ್ ಕಂಪನಿಯೇ ಭರಿಸುವ ಪದ್ಧತಿ ಬಂತು. ಬಹುಪಾಲು ಪ್ರೀಪೇಯ್ಡ್ ಗ್ರಾಹಕರಿರುವ ಭಾರತದಲ್ಲಿ ಅದೂ ನಡೆಯಲಿಲ್ಲ. 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಇಲ್ಲಿ ಅದೇ ಫೋನನ್ನು 31,000 ರೂಪಾಯಿಗೆ ಮಾರಾಟಕ್ಕಿಟ್ಟವು.

ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು 2008ರ ಜುಲೈನಲ್ಲಿ ತೆರೆದ ಆ್ಯಪ್ ಸ್ಟೋರ್. ತಂತ್ರಾಂಶ ಬರೆದವರಿಗೆ ಶೇ 70, ಆ್ಯಪಲ್‌ಗೆ ಶೇ 30, ಮೊಬೈಲ್ ಕಂಪನಿಗೆ ಸೊನ್ನೆ. ಅದೇ ಅಕ್ಟೋಬರ್‌ನಲ್ಲಿ ಆ್ಯಂಡ್ರಾಯ್ಡ್ ಮಾರ್ಕೆಟ್ ಕುರಿತು ಗೂಗಲ್ ಪ್ರಕಟಿಸಿದ ಹಂಚಿಕೆಯಲ್ಲೂ ಬರೆದವರಿಗೆ ಶೇ 70 ಇತ್ತು. ಆದರೆ ಉಳಿದ ಶೇ 30 ಮೊಬೈಲ್ ಕಂಪನಿಗಳಿಗೆ ಮತ್ತು ಬಿಲ್ ವಸೂಲಿಯ ಖರ್ಚಿಗೆ. ತಾನು ಅದರಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ ಎಂದಿತು ಗೂಗಲ್. ಆ್ಯಂಡ್ರಾಯ್ಡ್ ಫೋನುಗಳನ್ನು ಮೊಬೈಲ್ ಕಂಪನಿಗಳೇ ಮುಂದೆ ನಿಂತು ಮಾರಲಿ ಎಂಬ ಲೆಕ್ಕಾಚಾರ ಅದು. ಆ ಪಾಲು ಮುಂದೆ ಗೂಗಲ್ ಕಡೆಗೇ ವಾಲಿತು.

ಭಾರತದ ಕಂಪನಿಗಳೂ ಸ್ವಂತ ಮಳಿಗೆ ಕಟ್ಟಲು ನೋಡಿದವು. 2010ರ ಫೆಬ್ರುವರಿಯಲ್ಲಿ ಏರ್‌ಟೆಲ್ 1,250ಕ್ಕೂ ಹೆಚ್ಚು ತಂತ್ರಾಂಶಗಳೊಂದಿಗೆ ಆ್ಯಪ್ ಸೆಂಟ್ರಲ್ ತೆರೆಯಿತು. ಬಟನ್ ಫೋನಿಗೂ ಆ್ಯಪ್, ಹಣ ಟಾಕ್‌ಟೈಮ್‌ನಿಂದಲೇ. ಆ್ಯಂಡ್ರಾಯ್ಡ್ ಫೋನು ಅಗ್ಗವಾದಂತೆ ಅದರೊಳಗೇ ಕೂತು ಬಂದ ಗೂಗಲ್‌ನ ಮಳಿಗೆ ಇಂಥ ಪ್ರಯತ್ನಗಳನ್ನೆಲ್ಲ ನುಂಗಿತು.

ಕೈಬಿಟ್ಟ ಪಾಲನ್ನು ಮರಳಿ ಪಡೆಯಲು ಮೊಬೈಲ್ ಕಂಪನಿಗಳು ಹಣದ ಹರಿವನ್ನೇ ತಿರುಗಿಸಲು ಹೊರಟವು. 2015ರ ಏಪ್ರಿಲ್‌ನಲ್ಲಿ ಬಂದ ಏರ್‌ಟೆಲ್ ಜೀರೊ ಯೋಜನೆಯಂತೆ, ಆ್ಯಪ್ ಕಂಪನಿ ಡೇಟಾ ಖರ್ಚು ಕೊಟ್ಟರೆ ಗ್ರಾಹಕನಿಗೆ ಆ ಆ್ಯಪ್ ಪುಕ್ಕಟೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸೇರಲು ಮಾತುಕತೆ ನಡೆಸಿತ್ತು. ಹಣವಿದ್ದವರ ಆ್ಯಪ್‌ಗೆ ರಾಜಬೀದಿ, ಇಲ್ಲದವರಿಗೆ ಸಂದಿ ಎಂದಾಗುತ್ತದೆಂದು ಜನ ಕೆರಳಿದರು. ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಏಪ್ರಿಲ್ 14ರಂದು ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು. 2016ರ ಫೆಬ್ರುವರಿ 8ರಂದು ಟ್ರಾಯ್ ಇಂಥ ತಾರತಮ್ಯದ ದರಗಳನ್ನೇ ನಿಷೇಧಿಸಿತು. ಕನ್ನಡದಲ್ಲಿ ಆ್ಯಪ್ ಮಾಡುವ ಮೂರು ಜನರ ತಂಡಕ್ಕೂ ದೈತ್ಯ ಕಂಪನಿಗೂ ಒಂದೇ ರಸ್ತೆ ಉಳಿದದ್ದು ಆ ಆದೇಶದಿಂದ.

ಅದೇ ವರ್ಷ ಇನ್ನೆರಡು ಘಟನೆಗಳು ನಡೆದವು. ಏಪ್ರಿಲ್‌ನಲ್ಲಿ ಯುಪಿಐ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಮೊಬೈಲ್ ಬಿಲ್ಲಿನ ಮೂಲಕವೇ ಪ್ಲೇ ಸ್ಟೋರ್‌ಗೆ ಹಣ ಕಟ್ಟುವ ವ್ಯವಸ್ಥೆಯನ್ನು ಗೂಗಲ್ ಮೇ ತಿಂಗಳಲ್ಲಿ ಐಡಿಯಾ ಜೊತೆ ಶುರು ಮಾಡಿತ್ತಾದರೂ, ಕ್ಯೂಆರ್ ಕೋಡ್ ಕಿರಾಣಿ ಅಂಗಡಿಗೂ ಬಂದಮೇಲೆ ಟಾಕ್‌ಟೈಮ್‌ನಿಂದ ಹಣ ಕಡಿಸಿಕೊಳ್ಳುವ ಅಗತ್ಯ ಯಾರಿಗಿತ್ತು? ವಸೂಲಿಯ ಹಿಡಿತ ಹೋದಲ್ಲೆಲ್ಲ ಪಾಲಿನ ದರ ನಿಗದಿ ಮಾಡುವ ಅಧಿಕಾರವೂ ಹಿಂಬಾಲಿಸಿದೆ. ಕಾಲು ಶತಮಾನದ ಈ ಚರಿತ್ರೆಯುದ್ದಕ್ಕೂ ಕಾಣುವುದು ಅದೇ.

ಈಗಿನ ಜಗಳಗಳೂ ಅದರ ಸುತ್ತಲೇ. ಫೋನ್ ತೆರೆದೊಡನೆ ಗೂಗಲ್ ಹುಡುಕಾಟವೇ ಎದುರಿಗಿರಲಿ ಎಂದು ಗೂಗಲ್ ಫೋನ್ ತಯಾರಕರ ಜೊತೆಗೆ ಅಮೆರಿಕದ ವೆರೈಜನ್, ಎಟಿ ಆ್ಯಂಡ್ ಟಿ, ಟಿ-ಮೊಬೈಲ್‌ಗಳಿಗೂ ಜಾಹೀರಾತು ಆದಾಯದಲ್ಲಿ ಪಾಲು ಕೊಡುತ್ತ ಬಂದಿತ್ತು. ಇಂಥ ಒಪ್ಪಂದಗಳಿಗೆ 2021ರೊಂದರಲ್ಲೇ ಅದು ತೆತ್ತದ್ದು 2,630 ಕೋಟಿ ಡಾಲರ್. 2024ರ ಆಗಸ್ಟ್ 5ರಂದು ಅಲ್ಲಿನ ನ್ಯಾಯಾಧೀಶ ಅಮಿತ್ ಮೆಹ್ತಾ ಇದು ಏಕಸ್ವಾಮ್ಯದ ದುರ್ಬಳಕೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರ್‌ನಲ್ಲಿ ಅವರು ಬೇರೆಯವರಿಗೆ ಬಾಗಿಲು ಮುಚ್ಚುವಂಥ ಒಪ್ಪಂದಗಳನ್ನು ನಿಷೇಧಿಸಿದರೂ ಹಣ ಕೊಡುವುದನ್ನು ತಡೆಯಲಿಲ್ಲ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದೇ ಆ್ಯಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಐದು ದಿನ ಬಿಟ್ಟು, ಪ್ಲೇ ಸ್ಟೋರ್ ಬಿಲ್ಲಿಂಗ್ ನಿಯಮಗಳಿಗಾಗಿ ಇನ್ನೂ 936.44 ಕೋಟಿ. ಈ ಎರಡನೆಯ ದಂಡ 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯಲ್ಲಿ 216.69 ಕೋಟಿಗೆ ಇಳಿಯಿತು. ಶುಲ್ಕದ ವಿವಾದ ಮಾತ್ರ ಆರಿರಲಿಲ್ಲ: 2024ರ ಮಾರ್ಚ್ 1ರಂದು ಭಾರತ್ ಮ್ಯಾಟ್ರಿಮನಿ ಸೇರಿದಂತೆ ಹತ್ತು ಭಾರತೀಯ ಕಂಪನಿಗಳ ಆ್ಯಪ್‌ಗಳ ಮೇಲೆ ಗೂಗಲ್ ಕ್ರಮ ಕೈಗೊಂಡು ಮಳಿಗೆಯಿಂದ ತೆಗೆದಿತ್ತು. ಸರ್ಕಾರ ಮಧ್ಯೆ ಬಂದಮೇಲೆ ಕೆಲವೇ ದಿನಗಳಲ್ಲಿ ಮರಳಿ ಸೇರಿಸಿತು.

ಮೊಬೈಲ್ ಕಂಪನಿಗಳು ಈಗ ಹೊಸ ವೇಷದಲ್ಲಿ ಮರಳಿವೆ. 2020ರಲ್ಲಿ ಜಿಯೊದಲ್ಲಿ 33,737 ಕೋಟಿ ರೂಪಾಯಿ ಹೂಡಿದ ಗೂಗಲ್, 2025ರ ಅಕ್ಟೋಬರ್ ಕೊನೆಯಲ್ಲಿ ಅದೇ ಜಿಯೊ ಗ್ರಾಹಕರಿಗೆ ತನ್ನ ಜೆಮಿನಿ ಕೃತಕ ಬುದ್ಧಿಮತ್ತೆ ಸೇವೆಯನ್ನು 18 ತಿಂಗಳು ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಅದಕ್ಕೆ ಹೇಳಿದ ಬೆಲೆ 35,100 ರೂಪಾಯಿ. ಅದಕ್ಕೆ ಮೂರು ತಿಂಗಳು ಮೊದಲೇ ಏರ್‌ಟೆಲ್ ತನ್ನ 36 ಕೋಟಿ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಸೇವೆಯನ್ನು ಒಂದು ವರ್ಷ ಉಚಿತವೆಂದಿತ್ತು. ಕೋಟಿಗಟ್ಟಲೆ ಬಳಕೆದಾರರನ್ನು ಒಂದೇ ಏಟಿಗೆ ತಂದುಕೊಡಬಲ್ಲವರು ತಾವೇ ಎಂಬುದು ಮೊಬೈಲ್ ಕಂಪನಿಗಳ ಹೊಸ ಬಲ.

ಉಚಿತದ ಅವಧಿ ಮುಗಿದಮೇಲೆ ಏನು ಎಂಬುದನ್ನು ಈಗಲೇ ಕೇಳಬೇಕು. ಹಳೆಯ ಟಾಕ್‌ಟೈಮ್ ಕಡಿತದ ಜಾಗದಲ್ಲಿ ಈಗ 2020ರಲ್ಲಿ ಬಂದ ಯುಪಿಐ ಆಟೊಪೇ ಇದೆ. ಒಂದು ರೂಪಾಯಿಗೆ ಶುರುವಾದ ಚಂದಾ ಕೆಲವೇ ದಿನಗಳಲ್ಲಿ ನೂರಾರು ರೂಪಾಯಿಯ ಕಡಿತವಾಗುತ್ತದೆ. ಈ ಸಲ ಹಣ ಹೋಗುವುದು ನೇರ ಬ್ಯಾಂಕ್ ಖಾತೆಯಿಂದ, ಗ್ಯಾಸ್ ಸಬ್ಸಿಡಿಯೂ ಪಿಂಚಣಿಯೂ ಬಂದು ಬೀಳುವ ಅದೇ ಖಾತೆಯಿಂದ. ಟ್ರಾಯ್‌ನ ಎರಡು ಸಲ ಒಪ್ಪಿಗೆಯ ನಿಯಮ ಆ್ಯಪ್‌ಗಳ ಆಟೊಪೇಗೆ ತಾಗುವುದಿಲ್ಲ. ಕಡಿತಕ್ಕೆ ಮೊದಲು ತಿಳಿಸಬೇಕೆಂಬ ಷರತ್ತು ಇಲ್ಲಿಯೂ ಇದೆ, ಆದರೆ ಆ ಸೂಚನೆ ಹತ್ತಾರು ಸಂದೇಶಗಳ ನಡುವೆ ಹೂತುಹೋಗುತ್ತದೆ. ಚಂದಾದ ಬಲೆಗೆ ಕೆಡವುವುದು ತಪ್ಪೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೇಳಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಕಡಿತದ ಸೂಚನೆ ಗ್ರಾಹಕ ಓದಬಲ್ಲ ಭಾಷೆಯಲ್ಲಿ, ಇಲ್ಲಿನವರಿಗಾದರೆ ಕನ್ನಡದಲ್ಲಿ, ಬರಲೇಬೇಕೆಂಬ ನಿಯಮವನ್ನು ಇದರ ಜೊತೆ ಸೇರಿಸುವುದು ಮುಂದಿನ ಕೆಲಸ. ಹಂಚಿಕೆಯ ದರ ಕಂಪನಿಗಳ ನಡುವೆಯೇ ತೀರ್ಮಾನವಾದರೂ ಅದರ ಒಟ್ಟು ಮೊತ್ತ ಅಮೃತೂರಿನಂಥ ಊರುಗಳ ಖಾತೆಗಳಿಂದಲೇ ಬರುವುದರಿಂದ, ಈ ನಿಯಮವನ್ನು ಕೇಳುವ ಹಕ್ಕು ಆ ಗ್ರಾಹಕರಿಗೆ ಎಲ್ಲರಿಗಿಂತ ಮೊದಲು ಇದೆ.