ಹವ್ಯಾಸಿ ಉಪಗ್ರಹಗಳ ತರಂಗಾಂತರ: ಹಂಚಿಕೆ ಮತ್ತು ನಿಯಮಗಳು

ಹವ್ಯಾಸಿ ಬಾನುಲಿಗರು, ಅರ್ಥಾತ್ ಹ್ಯಾಮ್‌ಗಳು, ತಮ್ಮದೇ ಉಪಗ್ರಹಗಳ ಮೂಲಕ ಸಂಭಾಷಿಸುವ ಪರಿಪಾಠಕ್ಕೆ ಆರು ದಶಕಗಳ ಇತಿಹಾಸವಿದೆ. ಅಮೆರಿಕದ ಹವ್ಯಾಸಿಗಳು ನಿರ್ಮಿಸಿದ ಆಸ್ಕರ್-1 ಉಪಗ್ರಹವು 1961ರ ಡಿಸೆಂಬರ್ 12ರಂದು ಕಕ್ಷೆ ಸೇರಿ, ಸುಮಾರು ಮೂರು ವಾರಗಳ ಕಾಲ ಮೋರ್ಸ್ ಸಂಕೇತದಲ್ಲಿ 'ಹಾಯ್' ಎಂದಷ್ಟೇ ಉಸುರುತ್ತಿತ್ತು. ಇಂತಹ ಉಪಗ್ರಹಗಳನ್ನು ಪ್ರತ್ಯೇಕ ಸೇವೆಯೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಮಾನ್ಯ ಮಾಡಿದ್ದು 1971ರ ಸಮ್ಮೇಳನದಲ್ಲಿ.

ಹಂಚಿಕೆಯಾದ ಪಟ್ಟಿಗಳೆಲ್ಲ ಒಂದೇ ದರ್ಜೆಯವಲ್ಲ. 144ರಿಂದ 146 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಜಗತ್ತಿನ ಬಹುತೇಕ ಕಡೆ ಹವ್ಯಾಸಿಗಳದೇ ಪ್ರಥಮ ಹಕ್ಕು. ಆದರೆ ಉಪಗ್ರಹಗಳು ಅತಿ ಹೆಚ್ಚಾಗಿ ಆಶ್ರಯಿಸಿರುವ 435–438 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಅವುಗಳದು ಅತಿಥಿಯ ಸ್ಥಾನ. ಇತರ ಸೇವೆಗಳಿಗೆ ಅಡಚಣೆಯಾಗದಂತೆ ಮಾತ್ರ ಬಳಸಬೇಕೆಂಬ ಷರತ್ತನ್ನು ಅಡಿಟಿಪ್ಪಣಿಯೊಂದು ವಿಧಿಸುತ್ತದೆ. 2400–2450 ಮೆಗಾಹರ್ಟ್ಜ್‌ಗೂ ಇದೇ ಷರತ್ತು ಅನ್ವಯ. 1260–1270 ಮತ್ತು 5650–5670 ಮೆಗಾಹರ್ಟ್ಜ್‌ಗಳಲ್ಲಿ ನಿರ್ಬಂಧ ಇನ್ನೂ ಬಿಗಿ: ಭೂಮಿಯಿಂದ ಮೇಲಕ್ಕೆ ಸಂಕೇತ ಕಳುಹಿಸಬಹುದೇ ಹೊರತು ಉಪಗ್ರಹದಿಂದ ಕೆಳಕ್ಕೆ ಬಿತ್ತರಿಸುವಂತಿಲ್ಲ.

ಉಪಗ್ರಹವೊಂದು ಕರೆಯನ್ನು ಒಂದು ಪಟ್ಟಿಯಲ್ಲಿ ಸ್ವೀಕರಿಸಿ ಮತ್ತೊಂದರಲ್ಲಿ ಮರುಪ್ರಸಾರ ಮಾಡುವುದು ವಾಡಿಕೆ. ತನ್ನದೇ ಪ್ರಸಾರದ ಅಬ್ಬರದಲ್ಲಿ ಕ್ಷೀಣ ಕರೆ ಮುಳುಗಬಾರದೆಂಬುದು ಇದರ ಉದ್ದೇಶ. ಉಪಗ್ರಹದ ವೇಗದಿಂದಾಗಿ ಡಾಪ್ಲರ್ ಪರಿಣಾಮವೂ ಉಂಟಾಗುತ್ತದೆ. ಕೆಳ ಕಕ್ಷೆಯ ಉಪಗ್ರಹದ ಸಂಕೇತವು 145 ಮೆಗಾಹರ್ಟ್ಜ್‌ನಲ್ಲಿ ಸುಮಾರು 3 ಕಿಲೋಹರ್ಟ್ಜ್, 435ರಲ್ಲಿ ಸುಮಾರು 10 ಕಿಲೋಹರ್ಟ್ಜ್‌ನಷ್ಟು ಅತ್ತಿತ್ತ ಸರಿಯುವುದರಿಂದ ಕೇಳುಗನು ಗುಂಡಿಯನ್ನು ತಿರುಗಿಸುತ್ತಲೇ ಇರಬೇಕು.

ಭಾರತದ ಹ್ಯಾಮ್‌ಸ್ಯಾಟ್ ಇದಕ್ಕೆ ಉತ್ತಮ ನಿದರ್ಶನ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಏರಿದ ಈ 42.5 ಕಿಲೋ ತೂಕದ ಉಪಗ್ರಹದಲ್ಲಿ ಎರಡು ಮರುಪ್ರಸಾರಕಗಳಿದ್ದವು. ಒಂದು ಭಾರತೀಯರದು, ಇನ್ನೊಂದು ಡಚ್ ವಿದ್ಯಾರ್ಥಿಯೊಬ್ಬನದು. 435 ಮೆಗಾಹರ್ಟ್ಜ್‌ನಲ್ಲಿ ಆಲಿಸಿ 145ರಲ್ಲಿ ಉತ್ತರಿಸುತ್ತಿದ್ದ ಅದು, 2014ರ ಜುಲೈನಲ್ಲಿ ಬ್ಯಾಟರಿ ಕೈಕೊಟ್ಟು ಮೌನವಾಯಿತು. ಬೆಂಗಳೂರು ಹಾಗೂ ಹೈದರಾಬಾದಿನ ವಿದ್ಯಾರ್ಥಿಗಳು ರೂಪಿಸಿ, 2010ರ ಜುಲೈ 12ರಂದು ಹಾರಿಬಿಡಲಾದ ಪುಟ್ಟ ಸ್ಟಡ್‌ಸ್ಯಾಟ್ ಸಹ ಹವ್ಯಾಸಿ ಪಟ್ಟಿಯ 437.505 ಮೆಗಾಹರ್ಟ್ಜ್ ಅನ್ನೇ ಆಯ್ದುಕೊಂಡಿತ್ತು.

ಇಂತಹ ಪುಟ್ಟ ಉಪಗ್ರಹಗಳ ಸಂಖ್ಯೆ ಏರಿದಂತೆ 3 ಮೆಗಾಹರ್ಟ್ಜ್ ಅಗಲದ ಓಣಿಯಲ್ಲಿ ನೂಕುನುಗ್ಗಲು ಹೆಚ್ಚಿದೆ. ಒಂದರ ಮೇಲೊಂದು ಬೀಳದಂತೆ ಆವರ್ತನಗಳನ್ನು ಹೊಂದಿಸುವ ಹೊಣೆಯನ್ನು ಅಂತಾರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಹೊತ್ತಿದೆ. ಅದರ ಕಾರ್ಯ ಹೊಂದಾಣಿಕೆ ಮಾತ್ರ. ಪರವಾನಗಿ ನೀಡುವುದು ಆಯಾ ದೇಶದ ಸರ್ಕಾರ. ಐಟಿಯು ನಿಯಮಾವಳಿಯ 25ನೇ ವಿಧಿಯಲ್ಲಿ ಎರಡು ಕಟ್ಟುಪಾಡುಗಳಿವೆ. ಅಡಚಣೆ ಕಂಡುಬಂದ ತಕ್ಷಣ ಉಪಗ್ರಹದ ಬಾಯಿ ಮುಚ್ಚಿಸಬಲ್ಲ ನಿಯಂತ್ರಣ ಕೇಂದ್ರಗಳು ಉಡಾವಣೆಗೆ ಮುನ್ನವೇ ಸಿದ್ಧವಿರಬೇಕು. ಜೊತೆಗೆ, ಉಪಗ್ರಹ ನಿಯಂತ್ರಣದ ಆದೇಶಗಳನ್ನು ಬಿಟ್ಟರೆ ಯಾವ ಸಂದೇಶವನ್ನೂ ಅರ್ಥ ಮರೆಮಾಚುವಂತೆ ಗೂಢಲಿಪಿಗೆ ಇಳಿಸಬಾರದು. ವ್ಯಾಪಾರಿ ಉದ್ದೇಶದ ಉಪಗ್ರಹಗಳು ಹವ್ಯಾಸದ ಹೆಸರಿನಲ್ಲಿ ಒಳನುಸುಳುವುದಕ್ಕೆ ಈ ಎರಡನೆಯದೇ ದೊಡ್ಡ ತಡೆ.

ಅತಿಥಿಯ ಸ್ಥಾನ ಎಷ್ಟು ನಾಜೂಕೆಂಬುದು 2023ರ ಕೊನೆಯಲ್ಲಿ ದುಬೈನಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಸ್ಪಷ್ಟವಾಯಿತು. ಯುರೋಪಿನ ಗೆಲಿಲಿಯೊ ಮೊದಲಾದ ಪಥದರ್ಶಕ ಉಪಗ್ರಹಗಳಿಗೆ ತೊಂದರೆಯಾಗುವ ಆತಂಕದಿಂದ 1240–1300 ಮೆಗಾಹರ್ಟ್ಜ್ ಪಟ್ಟಿ ಚರ್ಚೆಗೆ ಬಂದಿತ್ತು. ಹವ್ಯಾಸಿಗಳನ್ನು ಅಲ್ಲಿಂದ ಹೊರಹಾಕಲಿಲ್ಲ. ಆದರೆ ಪಥದರ್ಶಕ ಸೇವೆಯನ್ನು ರಕ್ಷಿಸುವ ಮಾರ್ಗಸೂಚಿ ಜಾರಿಗೆ ಬಂತು.

2018ರ ನವೆಂಬರ್‌ನಲ್ಲಿ ಉಡಾವಣೆಯಾದ ಕತಾರ್‌ನ ಎಸ್‌ಹೈಲ್-2, ಭೂಸ್ಥಿರ ಕಕ್ಷೆಯಿಂದ ಹವ್ಯಾಸಿಗಳಿಗೆ ದೊರೆತ ಮೊದಲ ಸೇವೆ. ಇದು ಭಾರತಕ್ಕೂ ಎಟಕುತ್ತದೆ. 2400 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಸ್ವೀಕರಿಸಿ 10489 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಬಿತ್ತರಿಸುತ್ತದೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಧ್ವನಿ 145.800 ಮೆಗಾಹರ್ಟ್ಜ್‌ನಲ್ಲಿ ಇಳಿದುಬರುತ್ತದೆ. ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಡನೆ ಮಾತನಾಡಿದ್ದು ಹ್ಯಾಮ್ ರೇಡಿಯೊ ಮೂಲಕವೇ. ಭಾರತದಿಂದ ಉಪಗ್ರಹಕ್ಕೆ ಸಂಕೇತ ಕಳುಹಿಸಬಯಸುವವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದಿರಬೇಕು.