ಜಂಘಾಶಬ್ದದ ಅರ್ಥವಿಚಾರ

ಋಗ್ವೇದದ ಪ್ರಥಮಮಂಡಲದ 116ನೆಯ ಸೂಕ್ತದಲ್ಲಿ, ಖೇಲನ ಕಾಳಗದಲ್ಲಿ ಕಾಲು ಕಡಿದುಹೋದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನು ಜೋಡಿಸಿಕೊಟ್ಟರೆಂಬ ಪ್ರಸಂಗವನ್ನು ಎತ್ತಿಕೊಂಡವರು ಈವರೆಗೆ ವಿಶ್ಪಲೆ ಯಾರೆಂಬುದನ್ನು ಕುರಿತು ಕಾದಾಡಿದ್ದಾರೆಯೇ ಹೊರತು ಜಂಘೆ ಯಾವುದೆಂಬುದನ್ನು ವಿಚಾರಿಸುವ ಶ್ರಮವನ್ನು ಅಷ್ಟಾಗಿ ವಹಿಸಿಲ್ಲ. ಪಿಶೆಲ್ ಪಂಡಿತರು ಆಕೆಯನ್ನು ಪಂದ್ಯದ ಕುದುರೆಯೆಂದರು. ಮ್ಯಾಕ್ಡೊನೆಲ್ ಮತ್ತು ಕೀಥ್ 1912ರ ತಮ್ಮ ವೈದಿಕ ನಾಮಕೋಶದಲ್ಲಿ ಅದನ್ನು ಬರಿಯ ಊಹೆಯೆಂದು ತಳ್ಳಿದರು. ಆ ಜಗಳ ನಮಗೆ ಬೇಡ. ಜಂಘೆಯನ್ನು ತೊಡೆಯೆಂದು ಅರ್ಥೈಸುವ ವಾಡಿಕೆಯೊಂದು ಹಿಂದಿಯ ‘ಜಾಂಘ್’ ಶಬ್ದದ ಬಲದಿಂದ ನಮ್ಮ ಕೆಲವು ಅನುವಾದಗಳಿಗೂ ನುಸುಳಿರುವುದೇ ಇಲ್ಲಿ ಪರೀಕ್ಷಿಸಬೇಕಾದ ಸಂಗತಿ.

ಇದನ್ನು ನಿರ್ಣಯಿಸಬಲ್ಲ ಆಧಾರ ಅಥರ್ವವೇದದ ಹತ್ತನೆಯ ಕಾಂಡದ ಎರಡನೆಯ ಸೂಕ್ತ. ಪುರುಷನ ಅಂಗಗಳನ್ನು ರಚಿಸಿದವರಾರು ಎಂದು ಪ್ರಶ್ನಿಸುತ್ತ ಹೋಗುವ ಆ ಸೂಕ್ತ ಹಿಮ್ಮಡಿಯಿಂದ ಹೊರಟು ಮೇಲಕ್ಕೇರುತ್ತದೆ. ಎರಡನೆಯ ಮಂತ್ರದಲ್ಲಿ ಗುಲ್ಫಗಳು, ಮೊಣಕಾಲುಗಳು, ಜಂಘೆಗಳು, ಜಾನುಸಂಧಿಗಳು ಬರುತ್ತವೆ. ಊರುಗಳು, ಎಂದರೆ ತೊಡೆಗಳು, ಬರುವುದು ಮೂರನೆಯ ಮಂತ್ರದಲ್ಲಿ, ಸೊಂಟದ ಜೊತೆಗೆ. ಮೊಣಕಾಲಿನ ಅನಂತರ ಜಂಘೆಯನ್ನು ಹೇಳಿರುವುದರಿಂದ ಅದು ಮೊಣಕಾಲಿನ ಮೇಲಿನದೇ ಆಗಬೇಕೆಂದು ವಾದಿಸಬಹುದು. ಆದರೆ ಹಾಗೆ ವಾದಿಸುವವರು ಮರುಮಂತ್ರದಲ್ಲಿಯೇ ಊರುವನ್ನು ಬೇರೆಯಾಗಿ ಎಣಿಸಿರುವುದಕ್ಕೆ ಸಮಾಧಾನ ಹೇಳಬೇಕಾಗುತ್ತದೆ. ಮನುಷ್ಯನಿಗೆ ಒಂದೊಂದು ಕಾಲಿನಲ್ಲಿ ಎರಡೆರಡು ತೊಡೆಗಳಿಲ್ಲವಷ್ಟೆ! ಮೊದಲು ಕೆಳಗಿನ ಕೀಲನ್ನೂ ಮೇಲಿನ ಕೀಲನ್ನೂ ಹೆಸರಿಸಿ, ಆಮೇಲೆ ಅವುಗಳ ನಡುವಣ ಭಾಗವನ್ನು ಹೇಳುವುದು ಮಂತ್ರಕಾರನ ಕ್ರಮವೆಂದು ಒಪ್ಪಿದರೆ ಯಾವ ತೊಡಕೂ ಉಳಿಯದು.

ವೇದಕ್ಕೆ ಬಹುಕಾಲದ ತರುವಾಯದ್ದಾದರೂ ಸುಶ್ರುತನ ಶಾರೀರಸ್ಥಾನ ಈ ಅರ್ಥವನ್ನೇ ಬಲಪಡಿಸುತ್ತದೆ. ಒಂದು ಕಾಲಿನ ಮೂವತ್ತು ಅಸ್ಥಿಗಳನ್ನು ಎಣಿಸುವಲ್ಲಿ ಆತನು ಜಂಘೆಗೆ ಎರಡನ್ನೂ ಊರುವಿಗೆ ಒಂದನ್ನೂ ಹೇಳಿದ್ದಾನೆ. ಎರಡು ಮೂಳೆಗಳಿರುವುದು ಮೊಣಕಾಲಿನ ಕೆಳಗೆ, ತೊಡೆಗಿರುವುದು ಒಂದೇ. ಹೋರ್ನ್ಲೆಯವರು 1907ರಲ್ಲಿ ಪ್ರಕಟಿಸಿದ ಪ್ರಾಚೀನ ಭಾರತೀಯ ಅಸ್ಥಿಶಾಸ್ತ್ರವಿಚಾರದಲ್ಲಿ ವೈದ್ಯಗ್ರಂಥಗಳ ಗಣನೆಯನ್ನೂ ಈ ಅಥರ್ವಸೂಕ್ತವನ್ನೂ ಒಟ್ಟಿಗೆ ಪರಿಶೀಲಿಸಿದ್ದರು. ವೈದ್ಯಗ್ರಂಥವನ್ನು ತೆರೆಯದ ವೈಯಾಕರಣನೂ ವ್ಯಾಕರಣವನ್ನರಿಯದ ವೈದ್ಯನೂ ಅದನ್ನು ಗಮನಿಸದಿದ್ದುದು ಸೋಜಿಗವೇನಲ್ಲ.

ವ್ಯುತ್ಪತ್ತಿಯ ವಿಷಯದಲ್ಲಿ, ಹನ್ ಧಾತುವಿನಿಂದ ಇದನ್ನು ಸಾಧಿಸುವ ಸಂಪ್ರದಾಯಕ್ಕಿಂತ, ಅವೆಸ್ತದ ‘ಜಂಗ’, ಲಿಥುವೇನಿಯದ ‘ಹೆಜ್ಜೆಯಿಡು’ ಎಂಬರ್ಥದ ಕ್ರಿಯಾಪದ ಇವುಗಳೊಡನೆ ಹೊಂದಿಸಿ, ನಡೆಯುವುದನ್ನು ಸೂಚಿಸುವ ಪ್ರಾಚೀನ ಧಾತುವೊಂದನ್ನು ಮೂಲವೆನ್ನುವ ಪಕ್ಷವೇ ನಮಗೆ ಸಮಂಜಸವಾಗಿ ತೋರುತ್ತದೆ. ವೇಗದಿಂದ ಓಡುವವನನ್ನು ಸಂಸ್ಕೃತವು ಜಂಘಾಲನೆಂದು ಕರೆಯುವುದೂ, ನಮ್ಮ ಮಾತಿನಲ್ಲಿ ಜಂಘಾಬಲ ಉಡುಗಿದವನು ನಿಂತಲ್ಲೇ ಕುಸಿಯುವುದೂ ಇದಕ್ಕೆ ಒಪ್ಪುವಂಥವೇ. ಭೀಮನು ಮುರಿದದ್ದು ದುರ್ಯೋಧನನ ಊರುವನ್ನು, ಜಂಘೆಯನ್ನಲ್ಲ. ಭಾಸನ ನಾಟಕದ ಹೆಸರೇ ಊರುಭಂಗ. ಹಿಂದಿಯಲ್ಲಿ ಶಬ್ದ ಮೊಣಕಾಲನ್ನು ದಾಟಿ ಮೇಲಕ್ಕೇರಿದ್ದು ಆ ಭಾಷೆಯ ಸ್ವಂತ ಚರಿತ್ರೆ. ಕನ್ನಡದ ಅನುವಾದಕರು ವಿಶ್ಪಲೆಯ ಜಂಘೆಯನ್ನು ಇನ್ನಾದರೂ ಕಣಕಾಲೆಂದೇ ಬರೆಯಬೇಕು.